ಎರಡೂ ಒಂದೇ ಎಂದಿದ್ದೆ

‘ನೆನಪಿಲ್ರಿ’ ಎಂದು ಹೇಳಿದೆ. ನನಗೆ ನೆನಪಿತ್ತು.

ಸಿಂಧನೂರಿನ ಒಂದು ಆಫೀಸಿನ ಕೋಣೆಯಲ್ಲಿ, ಮ್ಯಾನೇಜರರ ಮೇಜಿನ ಮುಂದೆ, ಸುಜಾತಾ ಎಂಬ ಹೆಣ್ಣುಮಗಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಾಗ ಈ ಮಾತು ಹೇಳಿದೆ. ಅದರಿಂದ ಅವರ ನೌಕರಿ ಹೋಯಿತು, ನನ್ನದು ಉಳಿಯಿತು. ಅದಕ್ಕೂ ಮೊದಲು ಇನ್ನೊಂದು ತಪ್ಪು ಮಾಡಿದ್ದೆ — ಅದನ್ನು ಮುಚ್ಚಲು ಮೂರನೆಯದು. ಎಲ್ಲವನ್ನೂ ಇಲ್ಲಿ ಬರೆಯುತ್ತೇನೆ. ಆ ದಿನಗಳಲ್ಲಿ ಅವರನ್ನು ‘ಏನವ್ವ, ಬಾ’ ಎಂದು ಕರೆಯುತ್ತಿದ್ದೆ. ಇಲ್ಲಿ ‘ಅವರು’ ಎಂದೇ ಬರೆಯುತ್ತೇನೆ. ತಡವಾಯಿತು — ಆದರೂ.

ನಾನು ಎಂಬತ್ತರ ದಶಕದಲ್ಲಿ ಕಾಲೇಜು ಓದಿದವನು. ನಮ್ಮ ಸೀಮೆಯಲ್ಲಿ ಆಗ ಕಂಪ್ಯೂಟರ್ ಕಲಿತವರು ಬೆರಳೆಣಿಕೆಯಷ್ಟು. ತೊಂಬತ್ತರ ದಶಕದ ನಡುವೆ, ಕಾಲುವೆಯ ನೀರು ಹಂಚುವ ಲೆಕ್ಕವನ್ನು ಗುತ್ತಿಗೆ ಹಿಡಿದಿದ್ದ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅದರ ಹೆಸರು ಬೇಡ; ಅದು ಮುಚ್ಚಿಹೋಗಿದೆ, ತಪ್ಪು ಅದರದೂ ಅಲ್ಲ. ಸಿಂಧನೂರಿನ ಕೇಂದ್ರದಲ್ಲಿ ಕಬ್ಬಿಣದ ಬೀರುಗಳ ಸಾಲಿನ ಹಾಗೆ ನಿಂತ ಒಂದು ಹಳೆಯ ಮೇನ್‌ಫ್ರೇಮ್ ಕಂಪ್ಯೂಟರ್ ಇತ್ತು — ದೊಡ್ಡ ಊರಿನ ಯಾವುದೋ ಬ್ಯಾಂಕು ಬಳಸಿ ಬಿಟ್ಟದ್ದು. ಅಂಥದ್ದೇ ಇನ್ನೊಂದು, ಸ್ವಲ್ಪ ಸಣ್ಣದು, ಲಿಂಗಸುಗೂರಿನಲ್ಲಿ. ಯಾವ ಉಪಕಾಲುವೆಯ ತೂಬು ತೆರೆದಿದೆ, ಯಾವುದು ಮುಚ್ಚಿದೆ, ಯಾವುದರೊಳಗೆ ಜನ ಇಳಿದು ಹೂಳು ತೆಗೆಯುತ್ತಿದ್ದಾರೆ — ಎಲ್ಲವೂ ಸಿಂಧನೂರಿನ ಡಿಸ್ಕಿನಲ್ಲಿ. ಇಲ್ಲಿ ಒಂದು ಸಾಲು ಬದಲಾದರೆ ಅದು ಟೆಲಿಫೋನ್ ತಂತಿಯ ಮೇಲೆ ಹೋಗಿ ಲಿಂಗಸುಗೂರಿನ ಡಿಸ್ಕಿನಲ್ಲೂ ಬದಲಾಗುತ್ತಿತ್ತು. ಸಿಂಧನೂರು ನಿಂತರೆ ಲಿಂಗಸುಗೂರು ಎದ್ದು ಕೆಲಸ ಹಿಡಿಯಬೇಕು. ದಿನಾ ಮುಂಜಾನೆ ಯಂತ್ರ ಅಚ್ಚು ಹಾಕಿಕೊಟ್ಟ ಆದೇಶಗಳನ್ನು ವೈರ್‌ಲೆಸ್‌ನಲ್ಲಿ ಓದುತ್ತಿದ್ದೆವು. ಕಾಲುವೆ ಕಾಯುವ ಗ್ಯಾಂಗ್‌ಮನ್‌ಗಳು ಕೇಳಿ ತೂಬು ಎತ್ತುತ್ತಿದ್ದರು, ಇಳಿಸುತ್ತಿದ್ದರು. ಮೊದಲು ಅವರು ನೀರು ಬಿಡುವ ಮುಂಚೆ ದಂಡೆಗುಂಟ ಸೈಕಲ್ ಹೊಡೆದು, ಸೀಟಿ ಊದಿ, ಒಳಗೆ ಯಾರೂ ಇಲ್ಲ ಎಂದು ನೋಡಿ ಬರುತ್ತಿದ್ದರಂತೆ. ನಾವು ಬಂದ ಮೇಲೆ ಅದು ನಿಂತಿತು. ‘ಕಂಪ್ಯೂಟರ್ ನೋಡ್ಕೊಂತೈತಿ ಬಿಡೋ’ ಎನ್ನುತ್ತಿದ್ದರು. ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು.

ಆ ತಂತಿ ಮಸ್ಕಿಯ ಮೇಲೆ ಹಾಯ್ದು ಹೋಗುತ್ತಿತ್ತು. ಬೇಸಿಗೆಯ ಭತ್ತ, ನಮ್ಮ ಕಡೆಯ ನೆಲ್ಲು, ಕೊಯ್ಲಾಯಿತೆಂದರೆ ನಮಗೆ ಸಂಕಟ. ನೆಲ್ಲುಹುಲ್ಲನ್ನು ಮನೆಯೆತ್ತರ ಹೇರಿಕೊಂಡ ಟ್ರ್ಯಾಕ್ಟರುಗಳು ರಸ್ತೆ ದಾಟುವಾಗ ತಂತಿಯನ್ನು ಹರಿದುಕೊಂಡೇ ಹೋಗುತ್ತಿದ್ದವು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯ ತೆಲುಗು ಲೈನ್‌ಮನ್ ಒಬ್ಬ ಫೋನ್ ಮಾಡಿ, ‘ಮಳ್ಳೀ, ಮತ್ತೆ ಹುಲ್ಲಿನ ಟ್ರ್ಯಾಕ್ಟರೇ ಸಾರ್. ಇದನ್ನ ಹರಿಯೋದಕ್ಕೇ ಹುಲ್ಲು ಬೆಳೀತಾರೆ ಅನ್ಸುತ್ತೆ’ ಎಂದು ನಗುತ್ತಿದ್ದ. ತಂತಿ ಹರಿದ ಕೂಡಲೇ ಯಂತ್ರ ಗಂಟೆ ಬಾರಿಸುತ್ತಿತ್ತು: ಎರಡು ಡಿಸ್ಕುಗಳ ಜೋಡಿ ಕಡಿದಿದೆ, ಲಿಂಗಸುಗೂರಿನದು ಇನ್ನು ಹಳತು, ಅದನ್ನು ನಂಬಬೇಡಿ. ನಂಬದಂತೆ ಅದೇ ಬೀಗವನ್ನೂ ಹಾಕುತ್ತಿತ್ತು — ಹಳೆಯ ಡಿಸ್ಕಿನ ಮೇಲೆ ಲಿಂಗಸುಗೂರು ಚಾಲೂ ಆಗುತ್ತಲೇ ಇರಲಿಲ್ಲ. ತಂತಿ ಕೂಡಿಸಿದರಷ್ಟೇ ಸಾಲದು. ನಮ್ಮ ಡಿಸ್ಕನ್ನು ಪೂರ್ತಿ ಟೇಪುಗಳಿಗೆ ಇಳಿಸಿ, ತಗಡಿನ ಪೆಟ್ಟಿಗೆಯಲ್ಲಿಟ್ಟು, ಮುಂಜಾನೆಯ ಲಿಂಗಸುಗೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಅಲ್ಲಿ ಸುಜಾತಾ ಅದನ್ನು ಇಳಿಸಿಕೊಂಡು ತಮ್ಮ ಡಿಸ್ಕಿಗೆ ತುಂಬಬೇಕು. ಆಮೇಲೆಯೇ ಎರಡೂ ಒಂದು.

ಸುಜಾತಾ ಮಸ್ಕಿಯವರು. ದಲಿತರ ಓಣಿಯ ಬೌದ್ಧ ಕುಟುಂಬ, ಆ ಓಣಿಯಿಂದ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು. ದಿನಾ ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಓಡಾಡಿ, ಅಲ್ಲಿನ ಯಂತ್ರವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸ ಕಲಿಸಿದವನು ನಾನೇ. ‘ಕೇಳದ ಏನೂ ಮುಟ್ಟಬ್ಯಾಡ’ ಎಂದು ಮೊದಲ ದಿನ ಹೇಳಿದ್ದೆ. ಅವರು ಕೇಳದೆ ಏನನ್ನೂ ಮುಟ್ಟುತ್ತಿರಲಿಲ್ಲ.

ಆ ಬೇಸಿಗೆಯಲ್ಲೂ ತಂತಿ ಹರಿಯಿತು. ಅದು ಹರಿದಿದ್ದಾಗಲೇ ಬಳಗಾನೂರಿನ ಕಡೆಯ ಉಪಕಾಲುವೆಯ ಸಾಲನ್ನು ನಾನೇ ಬದಲಿಸಿದೆ. ಕುಡಿಯುವ ನೀರಿನ ಕೆರೆ ತುಂಬಿಸಲು ಅದನ್ನು ತೆರೆದಿದ್ದರು, ಕೆರೆ ತುಂಬಿತ್ತು. ‘ಮುಚ್ಚಿದೆ, ಒಳಗೆ ಕೆಲಸ ನಡೆದಿದೆ’ ಎಂದು ಸಿಂಧನೂರಿನ ಡಿಸ್ಕಿನಲ್ಲಿ ಬರೆದೆ. ಲಿಂಗಸುಗೂರಿನ ಡಿಸ್ಕಿನಲ್ಲಿ ಅದು ತೆರೆದೇ ಉಳಿಯಿತು. ಸಂಜೆ ಹೊತ್ತಿಗೆ ಲೈನ್‌ಮನ್ ತಂತಿ ಕೂಡಿಸಿದ. ಗಂಟೆ ಮಾತ್ರ ನಿಲ್ಲಲಿಲ್ಲ — ಟೇಪು ಆಗುವ ತನಕ ನಿಲ್ಲುವುದೂ ಇಲ್ಲ. ಟೇಪಿಗೆ ಕೂತರೆ ಬಹಳ ಹೊತ್ತು ಹಿಡಿಯುತ್ತದೆ, ಮುಂಜಾನೆ ಪೆಟ್ಟಿಗೆ ಬಸ್ಸಿಗೆ ಹಾಕಿ, ಸುಜಾತಾ ತುಂಬಿ ಮುಗಿಸುವವರೆಗೂ ನಾನು ಅಲ್ಲಿಯೇ ಇರಬೇಕು. ಮರುದಿನ ನಾನು ಬಳಗಾನೂರಿಗೆ ಹೋಗಬೇಕಿತ್ತು. ಕನ್ಯೆ ನೋಡಲು.

ಅಷ್ಟೇ ಕಾರಣ. ಬೇರೆ ಏನಾದರೂ ಇದ್ದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ — ಜ್ವರ, ಮನೆಯಲ್ಲಿ ಯಾರದೋ ಕಾಯಿಲೆ... ಇಲ್ಲ. ಇಸ್ತ್ರಿ ಮಾಡಿಸಿದ ಅಂಗಿ ಮನೆಯಲ್ಲಿ ಮೊಳೆಗೆ ತೂಗುಬಿದ್ದಿತ್ತು.

ಯಂತ್ರಕ್ಕೆ ಒಂದು ಆಜ್ಞೆ ಇತ್ತು. ಹೊಸ, ಖಾಲಿ ಡಿಸ್ಕುಗಳನ್ನು ಜೋಡಿ ಮಾಡುವಾಗ ಬಳಸುವಂಥದ್ದು: ನಕಲು ಮಾಡುವುದು ಬೇಡ, ಎರಡೂ ಮೊದಲೇ ಒಂದಾಗಿವೆ ಎಂದು ತಿಳಿ. ಅದನ್ನು ಟೈಪು ಮಾಡಿದೆ. ಯಂತ್ರ ಮತ್ತೊಮ್ಮೆ ಕೇಳಿತು, ಖಚಿತವೇ ಎಂದು. ಹೌದು ಎಂದು ಒತ್ತಿದೆ. ಗಂಟೆ ನಿಂತಿತು. ಲಿಂಗಸುಗೂರಿನ ಬೀಗವೂ ತೆರೆಯಿತು. ಕೋಣೆ ಎಷ್ಟು ಶಾಂತವಾಯಿತು ಎಂದರೆ — ಆ ಶಾಂತಿಯಲ್ಲಿ ನಾನು ಒಂದು ಕಪ್ ಚಹಾ ಕುಡಿದೆ.

ಚಹಾ ಮುಗಿಯುವ ಮೊದಲೇ ಫೋನು ಬಂತು.

‘ಸರ್, ಇಲ್ಲಿ ಬೀಗ ಬಿಚ್ಚೈತ್ರಿ. ಟೇಪ್ ಇನ್ನಾ ಬಂದಿಲ್ಲಲ್ರಿ? ಎರಡೂ ಒಂದೇ ಅದಾವೇನ್ರಿ?’

‘ಒಂದೇ ಅದಾವ.’

‘ಟೇಪ್ ಕಳಸ್ತೀರೇನ್ರಿ ನಾಳಿ? ನಾ ಬಸ್‌ಸ್ಟ್ಯಾಂಡಿಗೆ ಲಗೂನ ಬರ್ತೀನಿ.’

‘ಬ್ಯಾಡವ್ವ. ಒಂದೇ ಅದಾವ ಅಂದ್ನಲ್ಲ.’

‘ಆಯ್ತ್ರಿ ಸರ್’ ಎಂದರು. ಆ ದನಿಯಲ್ಲಿ ಸಂಶಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಬಸ್ಸಿನಲ್ಲಿದ್ದಾಗ ಸಿಂಧನೂರಿನಲ್ಲಿ ಕರೆಂಟು ಹೋಯಿತು. ಯಂತ್ರ ಬ್ಯಾಟರಿಯ ಮೇಲೆ ನಡೆದಿದ್ದರೂ ಏಸಿ ನಿಂತು, ಡಿಸ್ಕನ್ನು ನಡೆಸುವ ಬೀರು ಬಿಸಿಯೇರಿ ಬಂದ್ ಆಯಿತು. ಅಲ್ಲಿದ್ದ ನನ್ನ ಸಹಾಯಕ ನಿಯಮದಂತೆ ಲಿಂಗಸುಗೂರಿಗೆ ಫೋನು ಮಾಡಿ, ಕೆಲಸ ಹಿಡಿಯಿರಿ ಎಂದ. ಸುಜಾತಾ ನೋಡಿದರು — ಬೀಗವಿಲ್ಲ, ಎರಡೂ ಒಂದೇ ಎಂದು ಯಂತ್ರ ಹೇಳುತ್ತಿದೆ, ನಾನೂ ಹೇಳಿದ್ದೇನೆ. ಚಾಲೂ ಮಾಡಿದರು. ಅದು ಮುಂಜಾನೆಯ ಆದೇಶಗಳನ್ನು ಅಚ್ಚು ಹಾಕಿತು. ಬಳಗಾನೂರಿನ ಉಪಕಾಲುವೆ: ತೆರೆ. ಗ್ಯಾಂಗ್‌ಮನ್ ವೈರ್‌ಲೆಸ್ ಕೇಳಿ ತೂಬು ಎತ್ತಿದ.

ನಾನು ಆ ಹೊತ್ತಿಗೆ ಬಳಗಾನೂರಿನ ಹೊರಗೆ ಕಾಲುವೆಯ ಸೇತುವೆಯ ಮೇಲೆ ನಿಂತಿದ್ದೆ. ಹಿರಿಯರು ಆಗಲೇ ಹೆಣ್ಣಿನ ಮನೆ ಸೇರಿದ್ದರು. ನನ್ನ ಹೊಸ ಚಪ್ಪಲಿ ಕಚ್ಚುತ್ತಿತ್ತು, ಸ್ವಲ್ಪ ನಿಂತಿದ್ದೆ. ಕೆಳಗೆ ಒಣ ಕಾಲುವೆಯಲ್ಲಿ ಹೂಳು ತೆಗೆಯುವ ಗುಂಪು. ಹೆಂಗಸರೇ ಹೆಚ್ಚು. ಸಲಿಕೆ, ಬುಟ್ಟಿ, ತಲೆಗೆ ಸುತ್ತಿದ ಸೆರಗು. ಅವರಲ್ಲೊಬ್ಬ ಹಿರಿಯಾಕೆ ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿದಳು. ಅವಳ ಹೆಸರು ಹನುಮವ್ವ — ಆಮೇಲೆ ತಿಳಿದದ್ದು.

‘ಏ ತಮ್ಮಾ, ಏನ್ ನಿಂತಿ ಅಲ್ಲಿ ಮದಿಮಗನಂಗ? ಕನ್ಯಾ ನೋಡಾಕ ಬಂದೀಯೇನು?’

ಉಳಿದವರು ನಕ್ಕರು. ಇನ್ನೊಬ್ಬಳು, ‘ಬಾ ಕೆಳಗ, ಇಲ್ಲೂ ಒಂದಿಬ್ರು ಅದಾರ, ಬುಟ್ಟಿ ಹೊತ್ರ ಕೊಡ್ತೀವಿ’ ಎಂದಳು. ನನಗೂ ನಗು ಬಂತು. ನಾಚಿಕೆಯಿಂದ ಮುಖ ತಿರುಗಿಸಿದೆ — ಕಾಲುವೆ ಬರುವ ದಿಕ್ಕಿಗೆ.

ಮೊದಲು ಕಂಡದ್ದು ನೀರಲ್ಲ. ಒಣ ಎಲೆ, ಹುಲ್ಲುಕಡ್ಡಿ, ಧೂಳು — ಯಾರೋ ಕಸ ಗುಡಿಸಿಕೊಂಡು ಬರುತ್ತಿರುವ ಹಾಗೆ ಒಂದು ಸಾಲು, ನೆಲದ ಮೇಲೆ ಸರಿದು ಬರುತ್ತಿತ್ತು. ಅದರ ಹಿಂದೆ ಕಂದು ನೊರೆ. ನನಗೆ ಅರ್ಥವಾಯಿತು. ಬೇರೆ ಯಾರಿಗೂ ಅರ್ಥವಾಗುವ ಮೊದಲೇ ನನಗೆ ಅರ್ಥವಾಯಿತು: ಲಿಂಗಸುಗೂರು ಎದ್ದು ಕೆಲಸ ಹಿಡಿದಿದೆ; ನಾನು ಒಂದೇ ಎಂದ ಆ ಹಳೆಯ ಡಿಸ್ಕು ಮಾತಾಡುತ್ತಿದೆ. ಆ ಅರ್ಥವಾದ ಗಳಿಗೆ ಮತ್ತು ನಾನು ಕೂಗಿದ ಗಳಿಗೆ — ಇವುಗಳ ನಡುವೆ ಒಂದು ಸಂದು ಇದೆ. ಇವತ್ತಿಗೂ ಅದರೊಳಗೆ ಬೀಳುತ್ತೇನೆ. ಏನು ಮಾಡುತ್ತಿದ್ದೆ ಅಲ್ಲಿ? ಯೋಚಿಸುತ್ತಿದ್ದೆ. ಇದು ಯಾರ ತಲೆಗೆ ಬರುತ್ತದೆ ಎಂದು ಯೋಚಿಸುತ್ತಿದ್ದೆ —

ಆಮೇಲೆ ಕೂಗಿದೆ. ‘ನೀರು! ಹತ್ರಿ ಮ್ಯಾಲ! ನೀರು ಬಿಟ್ಟಾರ!’

ಅವರು ನಂಬಲಿಲ್ಲ. ಒಬ್ಬಳು, ‘ಗಂಗವ್ವ ಬಂದ್ಲಂತ ನೋಡ್ರೇ, ಇವನ ಕನ್ಯಾ’ ಎಂದಳು. ನೀರು ಅವಳ ಪಾದ ಮುಟ್ಟಿದಾಗ ನಗು ನಿಂತಿತು. ಕಾಲುವೆಯ ಎರಡೂ ಬದಿಗೆ ನುಣುಪಾದ ಕಲ್ಲು ಹಾಸು, ಕಡಿದಾದ ಇಳಿಜಾರು. ಹತ್ತಿದವರು ಜಾರಿ ಮತ್ತೆ ಕೆಳಗೇ ಬೀಳುತ್ತಿದ್ದರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಸೇತುವೆಯ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ಬಂದು ನಿಂತಿತು. ಡ್ರೈವರನೂ ನಾನೂ ಅದರ ಹಗ್ಗ ಬಿಚ್ಚಿ ಕೆಳಗೆ ಎಸೆದೆವು. ಹುಲ್ಲು ಕುಸಿದು ನಮ್ಮ ಮೇಲೆಯೇ ಬಿತ್ತು. ಹಗ್ಗ ಹಿಡಿದು ಒಬ್ಬೊಬ್ಬರಾಗಿ ಬಂದರು. ಮೇಲೆ ಬಂದವರೂ ನಮ್ಮ ಹಿಂದೆ ನಿಂತು ಎಳೆದರು. ಹನುಮವ್ವ ಕೊನೆಯವಳು. ಉಳಿದವರನ್ನು ಮುಂದೆ ನೂಕಿ ತಾನು ಹಿಂದೆ ನಿಂತಿದ್ದಳು. ಹಗ್ಗ ಅವಳ ಕೈಗೆ ಸಿಗುವ ಮೊದಲೇ ನೀರು ಅವಳನ್ನು ಎತ್ತಿ ಸೇತುವೆಯ ಕಂಬಕ್ಕೆ ಬಡಿಯಿತು. ಆ ಸಪ್ಪಳ — ನೀರಿನ ಅಷ್ಟು ಗದ್ದಲದಲ್ಲೂ ಕೇಳಿದ ಆ ಸಪ್ಪಳ...

ಯಾರೂ ಸಾಯಲಿಲ್ಲ. ಕಂಬಕ್ಕೆ ಸಿಕ್ಕಿಕೊಂಡ ಹನುಮವ್ವನನ್ನೂ ಹಗ್ಗದಿಂದ ಎಳೆದು ಮೇಲೆ ತಂದೆವು; ಅವಳ ಸೊಂಟ ಮುರಿದಿತ್ತು. ಆಮೇಲೆ ಅವಳು ಕೋಲಿಲ್ಲದೆ ನಡೆಯಲಿಲ್ಲ, ಬುಟ್ಟಿ ಹೊರಲಿಲ್ಲ. ‘ಯಾರೂ ಸಾಯಲಿಲ್ಲ’ ಎಂಬ ಮಾತನ್ನು ನಾನು ಎಷ್ಟೋ ವರ್ಷ ಹಾಸಿ ಹೊದ್ದು ಮಲಗಿದ್ದೇನೆ.

ಹೆಣ್ಣಿನ ಮನೆಯವರು ಕಾಲುವೆಯ ತನಕ ಓಡಿಬಂದಿದ್ದರು. ಕೆಸರಲ್ಲಿ ನಿಂತ ನನ್ನನ್ನು ನೋಡಿ, ‘ಹುಡುಗ ಜೀವ ಉಳಿಸಿದ’ ಎಂದರು. ನೋಡುವ ಶಾಸ್ತ್ರ ಅಲ್ಲಿಗೇ ಮುಗಿಯಿತು. ಮಹಾದೇವಿ ನನ್ನ ಹೆಂಡತಿಯಾದದ್ದು ಹೀಗೆ. ಬಳಗಾನೂರಿನಲ್ಲಿ ನಾನು ಇಂದಿಗೂ ಜೀವ ಉಳಿಸಿದ ಅಳಿಯ.

ಅದೇ ದಿನ ಸಿಂಧನೂರಿಗೆ ಮರಳಿದೆ. ಯಂತ್ರ ರಿಪೇರಿಯ ಎಂಜಿನಿಯರ್ ಹೈದರಾಬಾದಿನಿಂದ ಬಂದ, ಬೀರು ಸರಿಮಾಡಿದ. ಕೈ ಒರೆಸಿಕೊಳ್ಳುತ್ತ ಹೇಳಿದ: ‘ನಿಮ್ ಡಿಸ್ಕ್ ಸಲಾಮತ್ ಅದ ಸಾಬ್. ಎಲ್ಲಾ ಓದಾಕ ಬರ್ತದ. ಈಗ ನಕಲು ಯಾವ ಕಡಿಂದ ಯಾವ ಕಡಿಗಿ?’

ಇದೇ ನಾನು ಹೇಳಬೇಕಾದ ಮೂರನೆಯ ತಪ್ಪು. ಕೆಲಸ ಬಲ್ಲವರಿಗೆ ತಿಳಿಯುತ್ತದೆ: ಎರಡು ಡಿಸ್ಕುಗಳು ಬೇರೆಯಾದಾಗ, ಯಾವುದು ಸರಿ ಎಂದು ಗೊತ್ತಾಗುವ ತನಕ ಯಾವುದನ್ನೂ ಅಳಿಸಬಾರದು. ಮೊದಲು ಸಿಂಧನೂರಿನದನ್ನು ಟೇಪಿಗೆ ಇಳಿಸಬೇಕು, ಓದಬೇಕು, ಎಲ್ಲಿ ಕವಲೊಡೆದವು ಎಂದು ಹುಡುಕಬೇಕು. ಹುಡುಕಿದ್ದರೆ ಉಪಕಾಲುವೆಯ ಸಾಲು ಅದರಲ್ಲಿತ್ತು. ನನ್ನ ಆಜ್ಞೆಯೂ ಇತ್ತು, ನನ್ನ ಹೆಸರಿನ ಸಮೇತ.

‘ಲಿಂಗಸುಗೂರಿನಿಂದ ಸಿಂಧನೂರಿಗೆ’ ಎಂದೆ. ‘ಮುಂಜಾನಿಂದ ಅದೇ ಚಾಲೂ ಐತಿ. ಅದೇ ಹೊಸದು.’

‘ಒಮ್ಮೆ ಇದನ್ನ ಟೇಪಿಗಿ ತಗೊಳ್ಳೋಣ?’

‘ಬ್ಯಾಡ. ನೀರಿನ ಕೆಲಸ ನಿಂದರಬಾರ್ದು.’

‘ಬರೋಬರ್’ ಎಂದ. ಡಿಸ್ಕಿನ ದೀಪಗಳು ಮಿಣುಕತೊಡಗಿದವು. ಹಳೆಯದು ಬಂದು ಹೊಸದರ ಮೇಲೆ ಕೂತಿತು. ನಿಜ ಇದ್ದ ಒಂದೇ ಒಂದು ಜಾಗವನ್ನು ನಾನು ಕಣ್ಣೆದುರೇ ಅಳಿಸಿದೆ — ಅದಕ್ಕೆ ರಿಕವರಿ ಎಂದು ಹೆಸರಿತ್ತು. ಆಮೇಲೆ ಒಂದೊಂದೇ ಗ್ಯಾಂಗ್‌ಮನ್‌ನನ್ನು ವೈರ್‌ಲೆಸ್‌ನಲ್ಲಿ ಕರೆದು, ನಿನ್ನ ತೂಬು ಹೇಗಿದೆ, ಒಳಗೆ ಜನ ಇದ್ದಾರೆಯೇ ಎಂದು ಕೇಳಿ, ಕಳೆದುಹೋದ ಸಾಲುಗಳನ್ನೆಲ್ಲ ಮತ್ತೆ ಬರೆದೆ. ಊಟ ಬಿಟ್ಟು ಮಾಡಿದೆ. ಎಲ್ಲರೂ ಅದನ್ನು ನಿಷ್ಠೆ ಎಂದರು. ಹೊಗಳಿದರು. ಹೊಗಳುವಾಗ ತಲೆ ತಗ್ಗಿಸಿದ್ದೆ — ಅದನ್ನು ವಿನಯ ಎಂದರು.

ವಿಚಾರಣೆಗೆ ಸುಜಾತಾರನ್ನು ಸಿಂಧನೂರಿಗೆ ಕರೆಸಿದರು. ಮ್ಯಾನೇಜರರು ಕೇಳಿದರು, ‘ತಂತಿ ಹರದಿತ್ತು. ಟೇಪ್ ಬಂದಿದ್ದಿಲ್ಲ. ಹಳೇ ಡಿಸ್ಕಿನ ಮ್ಯಾಲ ಯಾಕ ಚಾಲೂ ಮಾಡ್ದಿ?’

‘ಬೀಗ ಬಿಚ್ಚಿತ್ರಿ. ಸರ್‌ನ ಕೇಳೀನ್ರಿ. ಒಂದೇ ಅದಾವ, ಟೇಪ್ ಬ್ಯಾಡ ಅಂದ್ರು.’

ಮ್ಯಾನೇಜರರು ನನ್ನ ಕಡೆ ತಿರುಗಿದರು. ‘ಅಂದಿದ್ರೇನು?’

‘ನೆನಪಿಲ್ರಿ.’

ಅಂದಿಲ್ಲ ಎಂದು ಹೇಳುವ ಧೈರ್ಯವೂ ನನಗಿರಲಿಲ್ಲ. ಸುಳ್ಳಿನಲ್ಲೂ ಅರ್ಧ ದಾರಿಗೇ ನಿಂತವನು ನಾನು. ಸುಜಾತಾ ಅಳಲಿಲ್ಲ. ನನ್ನ ಹತ್ತಿರ ಒಂದು ಹೆಜ್ಜೆ ಬಂದು, ಮರೆತವನಿಗೆ ನೆನಪು ಮಾಡಿಕೊಡುವವರ ಹಾಗೆ ಮೆಲ್ಲಗೆ ಹೇಳಿದರು: ‘ನೆನಪ ಮಾಡ್ಕೋರಿ ಸರ್. ಸಂಜಿ ಮುಂದ ಫೋನ್ ಮಾಡೀನ್ರಿ. ಬಸ್‌ಸ್ಟ್ಯಾಂಡಿಗೆ ಬರ್ಲೇನು ಅಂತನೂ ಕೇಳೀನ್ರಿ.’

ನಾನು ಮ್ಯಾನೇಜರರ ಮೇಜಿನಲ್ಲಿ ಹಾಳೆಗಳ ಮೇಲಿಟ್ಟ ಗಾಜಿನ ಗುಂಡನ್ನು ನೋಡುತ್ತ ಕೂತೆ.

ಸುಜಾತಾ ಹೋದ ಮೇಲೆ ಕೋಣೆಯಲ್ಲಿ ಒಬ್ಬರು, ‘ಅವ್ರ ಮಂದೀನ್ನ ತಂದು ಕಂಪ್ಯೂಟರ್ ಮುಂದ ಕುಂದ್ರಿಸಿದ್ರ ಹಿಂಗ ಆಗೋದು’ ಎಂದರು. ನನ್ನ ಸುಳ್ಳು ನಿಂತದ್ದು ಈ ಮಾತಿನ ಬಲದ ಮೇಲೆ. ಸುಜಾತಾರ ಮಾತಿಗಿಂತ ನನ್ನ ಮರೆವಿಗೆ ಹೆಚ್ಚು ಬೆಲೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಆ ಮಾತನ್ನು ವಿರೋಧಿಸಲೂ ಎದ್ದು ನಿಲ್ಲಲಿಲ್ಲ.

ಇಷ್ಟು ವರ್ಷ... ಮಸ್ಕಿಯ ಮೇಲೆ ಹೋಗುವ ಬಸ್ಸಿನಲ್ಲಿ ಕೂತಾಗಲೆಲ್ಲ ಆ ಊರು ಬಂದರೆ ಕಿಟಕಿಯ ಪರದೆ ಎಳೆಯುತ್ತಿದ್ದೆ. ನಿವೃತ್ತಿಯಾದ ಮೇಲೆ, ಈ ಮಳೆಗಾಲ ಶುರುವಾಗುವ ಮುಂಚೆ, ಮಸ್ಕಿಯಲ್ಲಿ ಇಳಿದೆ. ಅವರು ಅಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸುತ್ತಾರೆ. ತಲೆ ನರೆತಿದೆ. ಗುರುತು ಹಿಡಿದರು, ಕುರ್ಚಿ ಕೊಟ್ಟರು, ನೀರು ಕೊಟ್ಟರು. ನಾನು ಆ ಆಜ್ಞೆ, ಆ ಫೋನು, ಅಳಿಸಿದ ಡಿಸ್ಕು ಎಲ್ಲವನ್ನೂ ಹೇಳಿದೆ.

‘ನನಗ ಯಾಕ ಹೇಳಾಕತ್ತೀರಿ?’ ಎಂದರು. ‘ನನಗ ಅವತ್ತೇ ಗೊತ್ತಿತ್ತು. ಕೇಳಿದಾಕಿ ನಾ, ಹೇಳಿದವ್ರು ನೀವು — ನನಗೇನ್ ಹೊಸಾದು? ಗೊತ್ತಿಲ್ಲದವ್ರಿಗೆ ಹೇಳ್ರಿ. ನಮ್ಮಪ್ಪ ಸಾಯೋತನಕ ಈ ಊರಾಗ ಮಂದಿ ಕೇಳಿದ್ರು, ನಿನ್ ಮಗಳು ನೀರು ಬಿಟ್ಟು ಮಂದೀನ್ನ ಮುಳಗಿಸಿದ್ಲಂತಲ್ಲ ಅಂತ. ಅಪ್ಪಗ ನಾ ಏನ್ ಹೇಳಿದ್ರೂ, ಹೂಂ ಅಂತಿದ್ದ. ನಂಬಿದ್ನೋ ಇಲ್ಲೋ — ಅದು ಈಗ ನನಗ ಯಾರು ಹೇಳ್ತಾರ?’

ಕ್ಷಮೆ ಕೇಳಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಬಾಗಿಲ ತನಕ ಬಂದು ಅವರು ಒಂದೇ ಮಾತು ಸೇರಿಸಿದರು: ‘ಬರದ್ರ ಊರಿನ ಹೆಸರು ಹಾಕಿ ಬರೀರಿ. ನನ್ನ ಹೆಸರೂ ಹಾಕ್ರಿ. ಯಾರೋ ಒಬ್ಬಾಕಿ ಅಂತ ಬರೀಬ್ಯಾಡ್ರಿ.’

ಅದಕ್ಕೇ ಹೆಸರು ಹಾಕಿ ಬರೆದಿದ್ದೇನೆ. ಮೊದಲು ಓದಲು ಕೊಟ್ಟದ್ದು ಮಹಾದೇವಿಗೆ. ಓದಿ ಹಾಳೆಗಳನ್ನು ಮಡಿಚಿಟ್ಟು ಒಲೆಯ ಮುಂದೆ ಹೋಗಿ ಕೂತಳು. ಮರುದಿನ ಕೇಳಿದಳು, ‘ಹನುಮವ್ವ ತೀರಿ ಹೋಗ್ಯಾಳ, ಗೊತ್ತೈತಿಲ್ಲೋ?’ ಗೊತ್ತು ಎಂದೆ. ‘ಆಕಿ ಮಗಳು ಅದಾಳ. ಇನ್ನಾ ಅದೇ ಓಣ್ಯಾಗ ಅದಾಳ. ಮದಿವಿ ಆದ ದಿನದಿಂದ ನನ್ನ ಕಂಡಾಗೊಮ್ಮೆ, ನಿನ್ ಗಂಡ ನಮ್ಮವ್ವನ್ನ ಉಳಿಸ್ಯಾನ ಅಂತ ಕೈ ಮುಗೀತಾಳ. ಆ ನಮಸ್ಕಾರಾನ ನಾ ಇಸ್ಕೊಂಡೀನಿ.’ ಅವಳ ಮುಖದಲ್ಲಿ ಸಿಟ್ಟಿತ್ತೋ ಸಂಕಟವಿತ್ತೋ, ನಾನು ಕೇಳಲಿಲ್ಲ.

ನಾಳೆ ಬಳಗಾನೂರಿಗೆ ಹೋಗುತ್ತೇವೆ. ಮೊದಲು ಹನುಮವ್ವನ ಮಗಳ ಮನೆಗೆ, ಆಮೇಲೆ ಅಂದು ಕಾಲುವೆಯಲ್ಲಿದ್ದವರಲ್ಲಿ ಉಳಿದವರ ಮನೆಗಳಿಗೆ. ಇದನ್ನೇ ಓದಿ ಹೇಳುತ್ತೇನೆ. ಅವರು ಕೂರಿಸಿಕೊಂಡು ಕೇಳಬಹುದು, ಬಾಗಿಲಿನಿಂದಲೇ ಅಟ್ಟಬಹುದು — ಅಟ್ಟಿದರೆ ಅಂಗಳದಲ್ಲಿ ನಿಂತು ಓದುತ್ತೇನೆ. ಅಲ್ಲಿಂದ ಮಸ್ಕಿಗೆ ಹೋಗಿ, ಸುಜಾತಾರ ಓಣಿಯಲ್ಲಿ, ಅವರ ತಂದೆಯನ್ನು ಹಾಗೆ ಕೇಳಿದ ಜನರೆದುರಿಗೆ ಓದುತ್ತೇನೆ.

ಸುಜಾತಾ ಅವರೇ, ಅವತ್ತು ಸಂಜೆ ನೀವು ಫೋನಿನಲ್ಲಿ ಕೇಳಿದಿರಿ, ಎರಡೂ ಒಂದೇ ಅದಾವೇನ್ರಿ ಎಂದು.

ಇಲ್ಲ. ಒಂದೇ ಇರಲಿಲ್ಲ. ನೀವು ಕೇಳಿದಾಗ ನನಗೆ ಅದು ಗೊತ್ತಿತ್ತು.